ಎರಡು ಮುಂಬೈ

ಹೊಸ ಸಾಫ್ಟ್‌ವೇರಿನಲ್ಲಿ ಟ್ಯಾಗ್‌ಗಳ, ಅಂದರೆ ಚಿತ್ರಗಳಿಗೆ ಹಚ್ಚಿದ ಹೆಸರುಚೀಟಿಗಳ, ಪಟ್ಟಿಯನ್ನು ಮೇಲಿನಿಂದ ಕೆಳಗೆ ಸರಿಸುತ್ತಾ ಬಂದವನು ‘ಮ’ಕಾರದ ಹತ್ತಿರ ನಿಂತುಬಿಟ್ಟೆ. ಅಲ್ಲಿ ‘ಮುಂಬೈ’ ಎರಡು ಸಲ ಇತ್ತು, ಒಂದರ ಕೆಳಗೆ ಇನ್ನೊಂದು. ಮೇಲಿನದರ ಪಕ್ಕದಲ್ಲಿ 2,873 ಎಂಬ ಸಂಖ್ಯೆ, ಕೆಳಗಿನದರ ಪಕ್ಕದಲ್ಲಿ 6,214. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಅದೇ ಮು, ಅದೇ ಸೊನ್ನೆ, ಅದೇ ಬೈ. ಎರಡರ ನಡುವೆ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಆದರೂ ಕಂಪ್ಯೂಟರಿನ ಪಾಲಿಗೆ ಅವು ಬೇರೆ ಬೇರೆ ಊರು.

ಆಗ ರಾತ್ರಿ ಹನ್ನೊಂದೂವರೆ. ಡೊಂಬಿವಲಿಯ ಜುಲೈ ಮಳೆ ಕಿಟಕಿಯ ತಗಡಿನ ಮೇಲೆ ಒಂದೇ ಸಮನೆ ಬಡಿಯುತ್ತಿತ್ತು. ನಲವತ್ತೊಂದು ಸಾವಿರ ಚಿತ್ರಗಳನ್ನು ಹಳೆಯ ಮ್ಯಾಕ್‌ನಲ್ಲಿದ್ದ, ಚಿತ್ರಗಳನ್ನು ಜೋಡಿಸಿ ತಿದ್ದುವ ಲೈಟ್‌ರೂಮ್ 6 ಎಂಬ ಸಾಫ್ಟ್‌ವೇರಿನಿಂದ ಬಿಡಿಸಿ, ಲಿನಕ್ಸ್ ಯಂತ್ರದಲ್ಲಿ ಅದೇ ಕೆಲಸ ಮಾಡುವ ಡಾರ್ಕ್‌ಟೇಬಲ್‌ಗೆ ಸಾಗಿಸುವ ಕೆಲಸಕ್ಕೆ ಕೈಹಾಕಿ ಅಂದಿಗೆ ಮೂರು ವಾರವಾಗಿತ್ತು. ಇನ್ನೇನು ಮುಗಿಯಿತು ಅಂದುಕೊಂಡಿದ್ದ ಹೊತ್ತಿಗೇ ಈ ಎರಡು ಮುಂಬೈ ಎದುರಾದದ್ದು. ಅದರ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ಈ ಚಿತ್ರಗಳು ಯಾವುವು, ಅವುಗಳ ಮೇಲೆ ನನಗೇಕೆ ಇಷ್ಟು ಜೀವ ಎಂದು ಹೇಳಬೇಕು.

ನಮ್ಮ ಕರಾವಳಿಯಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ದೀಪಾವಳಿಯ ಆಸುಪಾಸಿಗೆ ಶುರುವಾದರೆ ಮಳೆಗಾಲಕ್ಕೆ ಮುಂಚಿನ ಪತ್ತನಾಜೆಯ ದಿನಕ್ಕೆ ಮುಗಿಯುತ್ತದೆ. ಗೆಜ್ಜೆ ಬಿಚ್ಚಿದ ಮೇಲೆ ಊರಲ್ಲಿ ಮಳೆ, ಗದ್ದೆ. ಆ ತಿಂಗಳುಗಳಲ್ಲಿ ಕಲಾವಿದರು ತಂಡ ಕಟ್ಟಿಕೊಂಡು ಮುಂಬೈಗೆ ಬರುತ್ತಾರೆ. ಮಾಟುಂಗದ ಮೈಸೂರು ಅಸೋಸಿಯೇಷನ್, ಕುರ್ಲಾದ ಬಂಟರ ಭವನ, ಮಾಹಿಮ್‌ನ ಕರ್ನಾಟಕ ಸಂಘ, ಹೀಗೆ ಸಭಾಂಗಣದಿಂದ ಸಭಾಂಗಣಕ್ಕೆ ಆಟ. ಊರಲ್ಲಿ ಬೆಳಗಿನವರೆಗೆ ನಡೆಯುವ ಪ್ರಸಂಗ ಇಲ್ಲಿ ಕಡೆಯ ಲೋಕಲ್ ತಪ್ಪದ ಹಾಗೆ ಮುಗಿಯಬೇಕು. ಇಂಥ ಮಳೆಗಾಲದ ಆಟಗಳನ್ನು, ಅದಕ್ಕಿಂತ ಹೆಚ್ಚಾಗಿ ಆಟಕ್ಕೆ ಮುಂಚೆ ವೇಷ ಕಟ್ಟುವ ಚೌಕಿಯನ್ನು, 2006ರಿಂದ ಹಿಡಿಯುತ್ತಾ ಬಂದಿದ್ದೇನೆ.

ಚೌಕಿಯ ಒಳಗೆ ನನ್ನನ್ನು ಬಿಟ್ಟುಕೊಂಡದ್ದು ಚಿಕ್ಕಪ್ಪನ ಕಾರಣಕ್ಕೆ. ಹಗಲು ಮಾಟುಂಗದ ಒಂದು ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಿದ್ದ ಅವರು ಆಟದ ದಿನ ವೇಷ ಕಟ್ಟುವವರಾಗುತ್ತಿದ್ದರು. ಕಸೆ ಸೀರೆಯ ನೆರಿಗೆ ಅವರ ಕೈಯಲ್ಲಿ ತಾನಾಗಿ ಕೂರುತ್ತಿತ್ತು. ಕಲೀನಾದಲ್ಲಿ ಅವರದು ನೆಲಮಹಡಿಯ ಒಂದು ಕೋಣೆ, ಕೋಣೆಯ ಮೂಲೆಯಲ್ಲಿ ಕಬ್ಬಿಣದ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಎಪ್ಪತ್ತರ ದಶಕದಿಂದ ಕೂಡಿಟ್ಟ ಆಟದ ಫೋಟೋಗಳು. ಒಂದೊಂದರ ಬೆನ್ನಿಗೂ ಶಾಯಿ ಪೆನ್ನಿನಲ್ಲಿ ಗುಂಡಗೆ ಬರೆದ ಪ್ರಸಂಗದ ಹೆಸರು, ವೇಷಧಾರಿಯ ಹೆಸರು, ಊರು, ತಾರೀಕು.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಮೀಠಿ ನದಿ ಉಕ್ಕಿ ಕಲೀನಾ, ಕುರ್ಲಾ ಮುಳುಗಿದವು. ಚಿಕ್ಕಪ್ಪನ ಕೋಣೆಯಲ್ಲಿ ಎದೆಮಟ್ಟದ ನೀರು. ನೀರಿಳಿದು ಎರಡು ದಿನ ಬಿಟ್ಟು ನಾವು ಪೆಟ್ಟಿಗೆ ತೆರೆದಾಗ ಫೋಟೋಗಳು ಹಲಗೆಯಂತೆ ಒಂದಕ್ಕೊಂದು ಕಚ್ಚಿಕೊಂಡಿದ್ದವು. ಬಕೆಟ್ಟಿನ ನೀರಲ್ಲಿ ನೆನೆಸಿ ಒಂದೊಂದಾಗಿ ಬಿಡಿಸಿದೆವು. ಕಪ್ಪು ಬಿಳುಪಿನವು ಮುಕ್ಕಾಲುಪಾಲು ಉಳಿದವು. ಚಿಕ್ಕಮ್ಮ ಒಂದನ್ನು ಮಗುಚಿ ನೋಡಿದರು. ಬೆನ್ನಿನಲ್ಲಿ ನೀಲಿ ಮೋಡ ಮಾತ್ರ ಇತ್ತು. ಇನ್ನೊಂದನ್ನು ಮಗುಚಿದರು, ಅದರಲ್ಲೂ ಅಷ್ಟೇ. ಮುಖಗಳು ಉಳಿದವು, ಹೆಸರುಗಳು ಹೋದವು. ಚಿಕ್ಕಪ್ಪ ನೆನಪಿನಿಂದ ಕೆಲವಕ್ಕೆ ಮತ್ತೆ ಬರೆದರು. ಬಾಕಿಯವು ಇಂದಿಗೂ ಕಿರೀಟ ತೊಟ್ಟ ಯಾರೋ.

ಮರುವರ್ಷ ಡಿಜಿಟಲ್ ಕ್ಯಾಮೆರಾ ಕೊಂಡಾಗ ನಾನು ನನಗೇ ಒಂದು ಮಾತು ಕೊಟ್ಟುಕೊಂಡೆ. ಹೆಸರಿಲ್ಲದ ಚಿತ್ರ ಇಡುವುದಿಲ್ಲ.

ಆ ಮಾತನ್ನು ಉಳಿಸಿಕೊಂಡಿದ್ದೇನೆ ಎಂದೇ ನಂಬಿದ್ದೆ. ಪ್ರತಿ ಆಟ ಮುಗಿದ ವಾರದೊಳಗೆ ಕೂತು ಹೆಸರು, ಪ್ರಸಂಗ, ಸ್ಥಳ ಎಲ್ಲ ಬರೆದಿಡುತ್ತಿದ್ದೆ. ಆದರೆ ಅವನ್ನು ಬರೆಯುತ್ತಿದ್ದದ್ದು ಎಲ್ಲಿ ಎಂದು ಹದಿನೈದು ವರ್ಷ ಯೋಚಿಸಿರಲಿಲ್ಲ. ಲೈಟ್‌ರೂಮ್ ನಮ್ಮ ಮೂಲ ಚಿತ್ರವನ್ನು ಮುಟ್ಟುವುದಿಲ್ಲ, ಅದು ಅದರ ದೊಡ್ಡ ಗುಣ. ನಾವು ಹಚ್ಚುವ ಟ್ಯಾಗು, ಕೊಡುವ ನಕ್ಷತ್ರ, ಮಾಡುವ ತಿದ್ದುಪಡಿ ಎಲ್ಲವನ್ನೂ ಕ್ಯಾಟಲಾಗ್ ಎಂಬ ಒಂದೇ ಕಡತದಲ್ಲಿ ಬರೆದಿಡುತ್ತದೆ. ಒಳಗೆ ನೋಡಿದರೆ ಅದು ಎಸ್‌ಕ್ಯೂಲೈಟ್ ಡೇಟಾಬೇಸ್. ಚಿತ್ರಗಳು ಒಂದು ಕಡೆ, ಅವುಗಳ ಹೆಸರು ಹೇಳುವ ಖಾತೆಪುಸ್ತಕ ಇನ್ನೊಂದು ಕಡೆ. ಬೇಕೆಂದರೆ ಪ್ರತಿ ಚಿತ್ರದ ಪಕ್ಕದಲ್ಲೇ ಇವೇ ವಿವರಗಳ ಒಂದು ಚಿಕ್ಕ ಎಕ್ಸ್‌ಎಂಪಿ ಕಡತ ಬರೆದಿಡುವ ಏರ್ಪಾಡೂ ಇದೆ, ಆದರೆ ಅದನ್ನು ನಾವಾಗಿ ಆನ್ ಮಾಡಬೇಕು. ನಾನು ಮಾಡಿರಲಿಲ್ಲ. ಚಿಕ್ಕಪ್ಪ ಕನಿಷ್ಠ ಫೋಟೋದ ಬೆನ್ನಿಗೇ ಬರೆದಿದ್ದರು. ನಾನು ಬರೆದಿಟ್ಟದ್ದು ಬೇರೆ ಕೋಣೆಯ ಪುಸ್ತಕದಲ್ಲಿ. ಇದು ಹೊಳೆದ ದಿನ ಊಟ ಸೇರಲಿಲ್ಲ.

ಸಾಗಿಸುವ ಯೋಚನೆ ಬಂದದ್ದು ಮ್ಯಾಕ್‌ಗೆ ಮುಪ್ಪು ಬಂದದ್ದರಿಂದ. ಲೈಟ್‌ರೂಮ್ 6 ಬಂದದ್ದು 2015ರಲ್ಲಿ. ಒಂದೇ ಸಲ ದುಡ್ಡು ಕೊಟ್ಟು ಕೊಳ್ಳಬಹುದಾಗಿದ್ದ ಕೊನೆಯ ಲೈಟ್‌ರೂಮ್ ಅದು, ಆಮೇಲಿನದೆಲ್ಲ ಚಂದಾ ಲೆಕ್ಕ. ನನಗೆ ಚಂದಾ ಕಟ್ಟುವುದರ ಬಗ್ಗೆ ತಕರಾರಿಲ್ಲ, ಇದೇ ವೃತ್ತಿಯವರು ಕಟ್ಟುತ್ತಾರೆ, ಅವರಿಗೆ ಅದು ಸರಿ. ನನಗೆ ಬೇಕಾಗಿದ್ದದ್ದು ಇನ್ನೂ ಮೂವತ್ತು ವರ್ಷ, ನಾನಿಲ್ಲದಿದ್ದರೂ, ಯಾರಾದರೂ ತೆರೆಯಬಹುದಾದ ಪೆಟ್ಟಿಗೆ. ಸಾಫ್ಟ್‌ವೇರಿನ ಆಯಸ್ಸು ಫೋಟೋದ ಆಯಸ್ಸಿಗಿಂತ ಕಮ್ಮಿ. ಇಂಥದ್ದೇ ಕೆಲಸದ ಆಪಲ್‌ನ ಅಪರ್ಚರ್ 2005ರಲ್ಲಿ ಹುಟ್ಟಿತು, ಅದನ್ನು ಮುಂದುವರಿಸುವುದಿಲ್ಲ ಎಂದು 2014ರಲ್ಲಿ ಪ್ರಕಟವಾಯಿತು. ಗೂಗಲ್‌ನ ಪಿಕಾಸಾ 2016ರ ಮಾರ್ಚಿಗೆ ನಿಂತಿತು. ಚಿಕ್ಕಪ್ಪನ ಕಪ್ಪು ಬಿಳುಪಿನ ಫೋಟೋಗಳು ಇವೆರಡೂ ಹುಟ್ಟುವ ಮೊದಲೂ ಇದ್ದವು, ಈಗಲೂ ಇವೆ.

ತಂಗಿಯ ಮಗ ಲ್ಯಾಮಿಂಗ್ಟನ್ ರೋಡಿನಿಂದ ಬಿಡಿಭಾಗ ತಂದು ಒಂದು ಕಂಪ್ಯೂಟರ್ ಜೋಡಿಸಿ ಲಿನಕ್ಸ್ ಹಾಕಿಕೊಟ್ಟ. ಡಾರ್ಕ್‌ಟೇಬಲ್ 2009ರಿಂದ ಇರುವ ಮುಕ್ತ ತಂತ್ರಾಂಶ, ಹಲವರು ಬಿಡುವಿನಲ್ಲಿ ಕೂಡಿ ಕಟ್ಟಿದ್ದು. ಅದೂ ಒಂದು ಡೇಟಾಬೇಸ್ ಇಟ್ಟುಕೊಳ್ಳುತ್ತದೆ. ಆದರೆ ಜೊತೆಜೊತೆಗೇ ಪ್ರತಿ ಚಿತ್ರದ ಮಗ್ಗುಲಲ್ಲೂ ಒಂದು ಎಕ್ಸ್‌ಎಂಪಿ ಕಡತ ಬರೆಯುತ್ತಾ ಹೋಗುತ್ತದೆ. ಅದು ಬರೀ ಪಠ್ಯ. ಯಾವ ಸಾಫ್ಟ್‌ವೇರೂ ಇಲ್ಲದೆ ತೆರೆದು ಓದಿದರೂ ಹೆಸರು ಹೆಸರಾಗಿಯೇ ಕಾಣುತ್ತದೆ. ಎಕ್ಸ್‌ಎಂಪಿಯನ್ನು ಲೈಟ್‌ರೂಮ್ ಮಾಡುವ ಅಡೋಬಿಯವರೇ 2001ರಲ್ಲಿ ರೂಪಿಸಿದ್ದು, 2012ರಲ್ಲಿ ಅದು ಐಎಸ್‌ಒ ಮಾನಕವೂ ಆಯಿತು. ನಾನು ಬಿಟ್ಟು ಹೊರಟ ಮನೆಯವರೇ ಕಟ್ಟಿದ ಸೇತುವೆಯ ಮೇಲೆ ನಡೆದು ಈಚೆ ಬಂದೆ ಎಂಬುದನ್ನು ಕೃತಜ್ಞತೆಯಿಂದ ನೆನೆಯುತ್ತೇನೆ.

ಹೊರಡುವ ಮೊದಲು ಗಂಟು ಕಟ್ಟುವ ಕೆಲಸವೇ ದೊಡ್ಡದು. ಕ್ಯಾಟಲಾಗಿನಲ್ಲಿರುವುದೆಲ್ಲ ಎಕ್ಸ್‌ಎಂಪಿಗೆ ಇಳಿಯುವುದಿಲ್ಲ. ಟ್ಯಾಗು, ವಿವರಣೆ, ನಕ್ಷತ್ರ, ಬಣ್ಣದ ಗುರುತು ಇಳಿಯುತ್ತವೆ. ಚಿತ್ರಗಳನ್ನು ಗುಂಪು ಮಾಡಿಟ್ಟ ಕಲೆಕ್ಷನ್‌ಗಳು ಇಳಿಯುವುದಿಲ್ಲ, ಆಯ್ದದ್ದಕ್ಕೆ ನೆಟ್ಟ ಬಾವುಟ ನನ್ನ ಆವೃತ್ತಿಯಲ್ಲಿ ಇಳಿಯುತ್ತಿರಲಿಲ್ಲ, ವರ್ಚುವಲ್ ಕಾಪಿಗಳು ಇಳಿಯುವುದಿಲ್ಲ. ವರ್ಚುವಲ್ ಕಾಪಿ ಎಂದರೆ ಒಂದೇ ಮೂಲ ಚಿತ್ರಕ್ಕೆ ಎರಡನೆಯ ರೂಪ. ಹೊಸ ಕಡತ ಹುಟ್ಟುವುದಿಲ್ಲ, ಖಾತೆಪುಸ್ತಕದಲ್ಲಿ ಇನ್ನೊಂದು ಸಾಲು ಹುಟ್ಟುತ್ತದೆ, ಅಷ್ಟೇ. ಪುಸ್ತಕ ಬಿಟ್ಟು ಬಂದರೆ ಆ ಸಾಲೂ ಅಲ್ಲೇ ಉಳಿಯುತ್ತದೆ. ಹಾಗಾಗಿ ಪ್ರತಿ ಕಲೆಕ್ಷನ್ನನ್ನೂ ಒಂದು ಟ್ಯಾಗ್ ಮಾಡಿದೆ, ಬಾವುಟಗಳನ್ನು ಹಸಿರು ಗುರುತಿಗೆ ಬದಲಿಸಿದೆ. ವರ್ಚುವಲ್ ಕಾಪಿಗಳು 312 ಇದ್ದವು. ಅವುಗಳಲ್ಲಿ ನಲವತ್ತನ್ನು 16 ಬಿಟ್ ಟಿಫ್ ಎಂಬ ಬೇರೆ ಚಿತ್ರಕಡತಗಳಾಗಿ ಹೊರತೆಗೆದೆ. 24 ಮೆಗಾಪಿಕ್ಸೆಲ್ಲಿನ ಚಿತ್ರವಾದರೆ ಒತ್ತದೆ ಇಟ್ಟ ಒಂದೊಂದು ಟಿಫ್ 144 ಎಂಬಿ ತೂಗುತ್ತದೆ. ಎಲ್ಲವನ್ನೂ ಹೊರುವುದು ಆಗದ ಮಾತು. ಉಳಿದ 272ನ್ನು ಬಿಟ್ಟೆ. ಆ ನಿರ್ಧಾರ ಸುಲಭವಾಗಿರಲಿಲ್ಲ. ಎರಡು ರಾತ್ರಿ ಒಂದೊಂದನ್ನೇ ನೋಡಿ ಬಿಟ್ಟಿದ್ದೇನೆ.

ಕೊನೆಗೆ ಎಲ್ಲವನ್ನೂ ಆಯ್ದು, ಕಮಾಂಡ್ ಮತ್ತು ಎಸ್ ಒತ್ತಿ, ಮೆಟಾಡೇಟಾ, ಅಂದರೆ ಈ ವಿವರಗಳನ್ನು, ಉಳಿಸಲು ಹೇಳಿ ಮಲಗಿದೆ. ಬೆಳಿಗ್ಗೆ ಎದ್ದಾಗ ಪ್ರತಿ ರಾ ಕಡತದ, ಅಂದರೆ ಕ್ಯಾಮೆರಾ ಸಂಸ್ಕರಿಸದೆ ಕೊಟ್ಟ ಮೂಲ ಕಡತದ, ಪಕ್ಕದಲ್ಲೂ ಒಂದು ಪುಟ್ಟ ಕಡತ ಕೂತಿತ್ತು. ಒಂದನ್ನು ತೆರೆದೆ. ಕೋನಾಕಾರದ ಆವರಣಗಳ ನಡುವೆ, ಅಚ್ಚ ಕನ್ನಡದಲ್ಲಿ, ‘ಚೌಕಿ’ ಎಂದಿತ್ತು. ಚಿತ್ರದ ಬೆನ್ನಿಗೆ ಬರೆದ ಹಾಗಾಯಿತು ಎಂದು ಮೊದಲ ಸಲ ಅನ್ನಿಸಿತು.

ಡಾರ್ಕ್‌ಟೇಬಲ್‌ನಲ್ಲಿ ಮೊದಲ ಫೋಲ್ಡರ್ ತೆರೆದಾಗ ಮಾತ್ರ ಎದೆ ಧಸಕ್ಕೆಂದಿತು. ಹೆಸರುಗಳು ಬಂದಿದ್ದವು, ನಕ್ಷತ್ರಗಳು ಬಂದಿದ್ದವು. ಚಿತ್ರಗಳು ನನ್ನವಾಗಿರಲಿಲ್ಲ. ಎಲ್ಲವೂ ಮಂಕು, ಕೆಲವು ಕಡೆ ಬೆಳಕು ಏರುಪೇರು. ಲೈಟ್‌ರೂಮ್ ಬರೆದಿಟ್ಟ ತಿದ್ದುಪಡಿಗಳಲ್ಲಿ ಕೆಲವನ್ನು ಡಾರ್ಕ್‌ಟೇಬಲ್ ಓದಿಕೊಳ್ಳುತ್ತದೆ. ಅಂಚು ಕತ್ತರಿಸುವ ಕ್ರಾಪ್, ಎಕ್ಸ್‌ಪೋಷರ್, ಟೋನ್ ಕರ್ವ್, ಹೀಗೆ ಕೆಲವೇ. ಹೈಲೈಟ್ಸ್, ಶ್ಯಾಡೋಸ್ ಎಂಬ ಸ್ಲೈಡರುಗಳನ್ನು ಎಷ್ಟು ಎಳೆದಿದ್ದೆ ಎಂಬ ಸಂಖ್ಯೆ ಎಕ್ಸ್‌ಎಂಪಿಯಲ್ಲಿದೆ. ಆ ಸಂಖ್ಯೆ ಕೊಟ್ಟರೆ ಏನು ಮಾಡಬೇಕು ಎಂಬ ಗಣಿತ ಅಲ್ಲಿಲ್ಲ. ಅದು ಆ ಸಾಫ್ಟ್‌ವೇರಿನ ಹೊಟ್ಟೆಯೊಳಗಿನದು.

ಪ್ರಸಂಗ ಪುಸ್ತಕ ನೋಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಪದ್ಯದ ತಲೆಯ ಮೇಲೆ ‘ರಾಗ ಕಾಂಭೋಜಿ, ಝಂಪೆ ತಾಳ’ ಎಂದು ಅಚ್ಚಾಗಿರುತ್ತದೆ. ಅದೇ ಪುಸ್ತಕವನ್ನು ತೆಂಕು ಶೈಲಿಯಲ್ಲಿ ಹಾಡುವ ಭಾಗವತರ ಮುಂದಿಡಿ, ಇನ್ನೊಂದು ಶೈಲಿಯಾದ ಬಡಗಿನವರ ಮುಂದಿಡಿ. ಅದೇ ಪದ್ಯ, ಅದೇ ರಾಗದ ಹೆಸರು, ಅದೇ ತಾಳದ ಹೆಸರು. ಕೇಳಿಸುವ ಹಾಡು ಬೇರೆ. ಒಬ್ಬರ ಎತ್ತುಗಡೆ ಇನ್ನೊಬ್ಬರಿಗೆ ಬರಬೇಕೆಂದು ಯಾರೂ ಹಟ ಹಿಡಿಯುವುದಿಲ್ಲ. ಪದ್ಯ ಸರಿಯಾಗಿ ಬಂದಿದೆಯೇ, ಸಾಹಿತ್ಯ ತಪ್ಪಿಲ್ಲವೇ, ಅಷ್ಟು ನೋಡುತ್ತಾರೆ. ನಾನೂ ಹಾಗೆಯೇ ಮಾಡಿದೆ. ಬಂದಿದ್ದ ಅರೆಬರೆ ತಿದ್ದುಪಡಿಗಳಲ್ಲಿ ಕ್ರಾಪ್ ಒಂದನ್ನು ಇಟ್ಟುಕೊಂಡು ಬಾಕಿಯದನ್ನೆಲ್ಲ ತೆಗೆದುಹಾಕಿದೆ. ನಲವತ್ತೊಂದು ಸಾವಿರಕ್ಕೂ ಮತ್ತೆ ಬಣ್ಣ ಹಚ್ಚಲಿಕ್ಕೆ ಆಗುವುದಿಲ್ಲ, ಹಚ್ಚಬೇಕಾಗಿಯೂ ಇಲ್ಲ. ನಾಲ್ಕು ನಕ್ಷತ್ರಕ್ಕಿಂತ ಮೇಲಿನವು ಎಂಟುನೂರು ಚಿಲ್ಲರೆ. ದಿನಕ್ಕೆ ನಾಲ್ಕೈದು ಮಾಡಿದರೆ ಮುಂದಿನ ಮಳೆಗಾಲದೊಳಗೆ ಮುಗಿಯುತ್ತವೆ.

ಮೊದಲಿಗೆ ಕೂತದ್ದು 2014ರ ಮಾಟುಂಗದ ಒಂದು ಚಿತ್ರದ ಮುಂದೆ. ಬಡಗಿನ ವೇಷ, ರಂಗದ ಮಧ್ಯೆ ಮಂಡಿ ತಿರುಗುತ್ತಿದೆ. ಕೆಂಪು, ಹಳದಿ, ಕಪ್ಪು ಚೌಕುಳಿಯ ಕಸೆ ಸೀರೆ ಬುಗ್ಗೆಯಂತೆ ಎದ್ದಿದೆ. ರಂಗದ ಎಡಕ್ಕೆ ಕೆಂಪು ಎಲ್‌ಇಡಿ ದೀಪ, ಬಲಕ್ಕೆ ನೀಲಿ. ಇದನ್ನು ಹಿಂದೆ ನಾನು ಎಷ್ಟು ಸಲ ತಿದ್ದಿದ್ದೆನೋ, ಕೆಂಪು ಮಾತ್ರ ಒಂದೇ ಮುದ್ದೆಯಾಗಿ ನಿಲ್ಲುತ್ತಿತ್ತು. ನೆರಿಗೆ ಕಾಣುತ್ತಿರಲಿಲ್ಲ. ಬೇಸತ್ತು ಬಣ್ಣವನ್ನೇ ಇಳಿಸಿ ಇಟ್ಟಿಗೆಯ ಕೆಂಪು ಮಾಡಿ ಬಿಟ್ಟಿದ್ದೆ.

ಕ್ಯಾಮೆರಾದ ಸೆನ್ಸರಿನಲ್ಲಿ ಎಲ್ಲ ಚುಕ್ಕೆಗಳೂ ಎಲ್ಲ ಬಣ್ಣ ನೋಡುವುದಿಲ್ಲ. ಕೊಡಾಕ್‌ನಲ್ಲಿದ್ದ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಜೋಡಣೆಯೇ ಇಂದಿಗೂ ಹೆಚ್ಚಿನ ಕ್ಯಾಮೆರಾಗಳಲ್ಲಿರುವುದು. ಅರ್ಧ ಚುಕ್ಕೆ ಹಸಿರಿಗೆ, ಕಾಲು ಕೆಂಪಿಗೆ, ಕಾಲು ನೀಲಿಗೆ. ಬರೀ ಕೆಂಪು ದೀಪದಡಿಯಲ್ಲಿ ಕೆಂಪು ಸೀರೆ ಇದ್ದರೆ ಕೆಲಸ ಮಾಡುವುದು ಹೆಚ್ಚುಕಡಿಮೆ ಆ ಕಾಲುಪಾಲು ಮಾತ್ರ. ನೆರಿಗೆಯ ಅಂಚು ಗುರುತಿಸಲು ಉಳಿದವು ನೆರವಿಗೆ ಬರುವುದಿಲ್ಲ. ಮೇಲಾಗಿ ಅಷ್ಟು ಕಡು ಕೆಂಪು ಪರದೆಯ ಬಣ್ಣದ ವ್ಯಾಪ್ತಿಯಲ್ಲೇ ಇರುವುದಿಲ್ಲ. ಪರದೆಗೆ ತರುವಾಗ ಬೇರೆ ಬೇರೆ ಕೆಂಪುಗಳೆಲ್ಲ ಅಂಚಿಗೆ ಬಡಿದು ಒಂದೇ ಕೆಂಪಾಗುತ್ತವೆ.

ಡಾರ್ಕ್‌ಟೇಬಲ್‌ನಲ್ಲಿ ರಾ ಕಡತವೇ ತುಂಬಿ ಚೆಲ್ಲಿದೆಯೇ ಎಂದು ತೋರಿಸುವ ಒಂದು ಗುಂಡಿ ಇದೆ. ಒತ್ತಿದೆ. ಸೀರೆಯ ಮೇಲೆ ಒಂದು ಚುಕ್ಕೆ ಎಚ್ಚರಿಕೆಯೂ ಬರಲಿಲ್ಲ! ಅಂದರೆ ನೆರಿಗೆ ಕಡತದೊಳಗೆ ಇದೆ, ಹತ್ತು ವರ್ಷದಿಂದ ಇದೆ, ನಾನು ಹೊರಗೆ ತಂದಿರಲಿಲ್ಲ. 2020ರ ಕೊನೆಗೆ ಬಂದ 3.4 ಆವೃತ್ತಿಯಲ್ಲಿ ಕಲರ್ ಕ್ಯಾಲಿಬ್ರೇಷನ್ ಎಂಬ ಘಟಕ ಸೇರಿತು. ಅದರಲ್ಲಿ ವ್ಯಾಪ್ತಿ ಮೀರಿದ ಬಣ್ಣಗಳನ್ನು ಅಂಚಿಗೆ ಬಡಿಯಲು ಬಿಡದೆ ಒಳಕ್ಕೆ ಒತ್ತಿ ತರುವ ಒಂದು ಸ್ಲೈಡರ್ ಇದೆ. ಅದನ್ನು ಮೆಲ್ಲಗೆ ಏರಿಸಿದೆ. ಮೊದಲು ನೀಲಿ ಪಕ್ಕದ ಭುಜಕೀರ್ತಿಯಲ್ಲಿ ಕನ್ನಡಿ ಚೂರುಗಳು ಬೇರೆಯಾದವು. ಆಮೇಲೆ ಸಿಗ್ಮಾಯ್ಡ್ ಎಂಬ ಘಟಕದಲ್ಲಿ ಕಾಂಟ್ರಾಸ್ಟ್ ತುಸು ಇಳಿಸಿದಾಗ ಕೆಂಪಿನ ಮುದ್ದೆ ಒಡೆಯಿತು. ಒಂದು ನೆರಿಗೆ, ಅದರ ಪಕ್ಕ ಇನ್ನೊಂದು. ನೆರಿಗೆಯ ಒಳಭಾಗದಲ್ಲಿ ಕಪ್ಪು ಚೌಕುಳಿಯ ಅಂಚು. ಎಣಿಸಿದೆ, ಸೊಂಟದಿಂದ ಮೊಣಕಾಲಿನವರೆಗೆ ಹನ್ನೊಂದು ನೆರಿಗೆ. ಕಟ್ಟಿದ್ದು ಚಿಕ್ಕಪ್ಪ. ಅವರು ಹೋಗಿ ಆರು ವರ್ಷವಾಯಿತು. ಅವರ ಕೈಕೆಲಸವನ್ನು ನಾನು ಅಂದು ಮೊದಲ ಬಾರಿಗೆ ಪೂರ್ತಿಯಾಗಿ ನೋಡಿದೆ.

ಇನ್ನು ಎರಡು ಮುಂಬೈಯ ಕಥೆ.

ಪಟ್ಟಿಯನ್ನು ಪೂರ್ತಿ ಓದಿದಾಗ ಬೇರೆ ಜೋಡಿಗಳೂ ಸಿಕ್ಕವು. ವೇಷ ಎರಡು. ಕಿರೀಟ ಎರಡು. ಡೊಂಬಿವಲಿ ಎರಡು. ಆದರೆ ಮಾಟುಂಗ ಒಂದೇ, ಕುರ್ಲಾ ಒಂದೇ, ಮಾಹಿಮ್ ಒಂದೇ, ಚೌಕಿಯೂ ಒಂದೇ. ಒಂದು ಕಾಗದದ ಮೇಲೆ ಎರಡು ಗುಂಪು ಮಾಡಿ ಬರೆದುಕೊಂಡು ನೋಡುತ್ತಾ ಕೂತೆ. ಉತ್ತರ ಹೊಳೆದದ್ದು ಕಾಗುಣಿತದಿಂದ. ಗುಡಿಸಿನ ದೀರ್ಘ, ಏತ್ವ, ಐತ್ವ, ಒತ್ವ, ಓತ್ವ. ಈ ಐದು ಇರುವ ಪದಗಳೆಲ್ಲ ಎರಡೆರಡು. ಇಲ್ಲದವು ಒಂದೊಂದೇ.

ಕಾರಣ ಯುನಿಕೋಡ್‌ನಲ್ಲಿದೆ, ಲಿಪಿಗಳ ಅಕ್ಷರಗಳಿಗೆ ಕಂಪ್ಯೂಟರ್ ಸಂಕೇತ ಕೊಡುವ ಪಟ್ಟಿಯಲ್ಲಿ. 1991ರ ಮೊದಲ ಆವೃತ್ತಿಯಿಂದಲೂ ಕನ್ನಡ ಅದರಲ್ಲಿದೆ. ಐತ್ವಕ್ಕೆ ಒಂದು ಸಂಕೇತ ಉಂಟು. ಅದೇ ಐತ್ವವನ್ನು ಎತ್ವಕ್ಕೆ ಒಂದು ಸಂಕೇತ, ಅದರಡಿಯ ಬಾಲಕ್ಕೆ ಇನ್ನೊಂದು ಸಂಕೇತ ಎಂದು ಬಿಡಿಸಿಯೂ ಬರೆಯಬಹುದು. ಶಾಲೆಯಲ್ಲಿ ಏತ್ವ ಬರೆಯುವಾಗ ಮೊದಲು ಎತ್ವ ಕೊಟ್ಟು ಆಮೇಲೆ ಪಕ್ಕದಲ್ಲಿ ದೀರ್ಘ ಎಳೆಯುತ್ತಿದ್ದೆವಲ್ಲ, ಹಾಗೆ. ಎರಡೂ ಸಮಾನ ಎಂದು ಯುನಿಕೋಡ್ ಹೇಳುತ್ತದೆ, ಕಣ್ಣಿಗೂ ಸಮಾನ. ಆದರೆ ಸಂಕೇತಗಳನ್ನಷ್ಟೇ ಒಂದೊಂದಾಗಿ ಹೋಲಿಸುವ ಡೇಟಾಬೇಸಿಗೆ ಅವು ಬೇರೆ. ನಾನು ಕೀಲಿಮಣೆಯಲ್ಲಿ ಒತ್ತಿದ ‘ಮುಂಬೈ’ಯಲ್ಲಿ ಐತ್ವ ಇಡಿಯಾಗಿತ್ತು. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಎಂಬ ಕಡತ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಬರೆದಿಡುತ್ತಿತ್ತು. 2012ರಲ್ಲಿ ಒಮ್ಮೆ ಫೋಲ್ಡರುಗಳ ಹೆಸರನ್ನೇ ಟ್ಯಾಗ್ ಮಾಡುವ ಒಂದು ಸಣ್ಣ ಸ್ಕ್ರಿಪ್ಟ್ ಓಡಿಸಿದ್ದೆ. ಬಿಡಿಸಿದ ಮುಂಬೈ ಒಳಬಂದದ್ದು ಆ ಬಾಗಿಲಿನಿಂದ. ಅಷ್ಟು ವರ್ಷ ‘ಮುಂಬೈ’ ಎಂದು ಹುಡುಕಿದಾಗಲೆಲ್ಲ ಸಿಗದೇ ಹೋದ ಚಿತ್ರಗಳಿದ್ದವು ಅಂತಾಯಿತು. ಬಿಡಿಸಿದ ಮುಂಬೈಯಡಿಯ 2,873 ಚಿತ್ರಗಳನ್ನು ಒಟ್ಟಿಗೆ ಆಯ್ದು ಇಡಿಯಾದ ಮುಂಬೈಯ ಟ್ಯಾಗ್ ಹಚ್ಚಿ, ಬಿಡಿಸಿದ್ದನ್ನು ಅಳಿಸಿದೆ. ಇದೇ ಕೆಲಸ ವೇಷಕ್ಕೆ, ಕಿರೀಟಕ್ಕೆ, ಒಟ್ಟು ಮೂವತ್ತೇಳು ಜೋಡಿಗಳಿಗೆ.

ಇನ್ನೊಂದು ಗಾಯ ಹಳೆಯ ಜೆಪೆಗ್‌ಗಳಲ್ಲಿತ್ತು. ಮೊದಲ ವರ್ಷಗಳ ಚಿತ್ರಗಳಿಗೆ ‘ಮುಂಬೈ ಯಕ್ಷಗಾನ ಮಳೆಗಾಲದ ಆಟ’ ಎಂಬ ಟ್ಯಾಗ್ ಹಚ್ಚಿದ್ದೆ. ಈಗ ಕೆಲವದರಲ್ಲಿ ‘ಮುಂಬೈ ಯಕ್ಷಗಾನ ಮಳೆಗಾಲದ ಆ’ ಎಂದಷ್ಟೇ ಇತ್ತು, ಕೊನೆಗೊಂದು ಮುರಿದ ಚೌಕ. ಫಿಲ್ ಹಾರ್ವಿ ಎಂಬವರು 2003ರಿಂದ ಬೆಳೆಸಿಕೊಂಡು ಬಂದ ಎಕ್ಸಿಫ್‌ಟೂಲ್‌ನಿಂದ ಒಳಹೊಕ್ಕು ನೋಡಿದೆ. ಸುದ್ದಿಸಂಸ್ಥೆಗಳಿಗಾಗಿ ಹುಟ್ಟಿದ ಹಳೆಯ ಐಪಿಟಿಸಿ ಪದ್ಧತಿಯಲ್ಲಿ ಒಂದು ಕೀವರ್ಡಿಗೆ, ಅಂದರೆ ಟ್ಯಾಗಿಗೆ, 64 ಬೈಟ್ ಮಿತಿ. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೇಕು, ಒತ್ತಿಗೂ, ಕೊಂಬಿಗೂ, ಸೊನ್ನೆಗೂ. ನನ್ನ ಟ್ಯಾಗಿನಲ್ಲಿ 21 ಚಿಹ್ನೆ, 3 ತೆರಪು. ಒಟ್ಟು 66. ಎರಡು ಬೈಟ್ ಹೆಚ್ಚಾಯಿತೆಂದು ‘ಟ’ ತುಂಡಾಗಿತ್ತು. ನಮ್ಮ ಲಿಪಿಯನ್ನು ಲೆಕ್ಕಕ್ಕೆ ಹಿಡಿಯದೆ ಯಾವತ್ತೋ ಹಾಕಿದ ಗೆರೆ ಅದು. ಅದರ ಬಗ್ಗೆ ನನಗೆ ಬೇಸರ ಉಂಟು, ಬಹಳ ಉಂಟು. ಎಕ್ಸ್‌ಎಂಪಿಯಲ್ಲಿ ಆ ಮಿತಿ ಇಲ್ಲ. 190 ಜೆಪೆಗ್‌ಗಳಿಗೆ ‘ಆಟ’ವನ್ನು ಪೂರ್ತಿಯಾಗಿ ಮತ್ತೆ ಬರೆದೆ.

ನುಡಿ ಅಕ್ಷರಶೈಲಿಯಲ್ಲಿ ಬರೆದಿದ್ದ ಟಿಪ್ಪಣಿಗಳೂ ಒಂದಷ್ಟಿದ್ದವು, ಯುನಿಕೋಡ್ ನಮ್ಮ ಕೈಗೆ ಬರುವ ಮುಂಚಿನವು. ಅವು ತಲೆಬುಡವಿಲ್ಲದ ಪರದೇಶದ ಅಕ್ಷರಗಳಾಗಿ ಕಂಡವು. ಪರಿವರ್ತಕದಲ್ಲಿ ಹಾಕಿದೆ, ಕನ್ನಡವಾದವು. ಅದು ಒಂದು ಮಧ್ಯಾಹ್ನದ ಕೆಲಸ.

ಬಿಟ್ಟು ಬಂದ 272 ವರ್ಚುವಲ್ ಕಾಪಿಗಳಲ್ಲಿ ಒಂದು ಚಿಕ್ಕಪ್ಪನದು. 2009, ಮೈಸೂರು ಅಸೋಸಿಯೇಷನ್ನಿನ ಚೌಕಿ. ವೇಷಧಾರಿಗೆ ಕಿರೀಟ ಕಟ್ಟುತ್ತಾ ಹಲ್ಲಿನಲ್ಲಿ ದಾರದ ತುದಿ ಕಚ್ಚಿಕೊಂಡಿದ್ದಾರೆ. ಕಾಪಿಯಲ್ಲಿ ನಾನು ಅವರ ಮುಖ ಮತ್ತು ಎರಡು ಕೈಗಳಷ್ಟೇ ಉಳಿಯುವಂತೆ ಬಿಗಿಯಾಗಿ ಕ್ರಾಪ್ ಮಾಡಿದ್ದೆ. ಕಲೀನಾದ ಮನೆಯ ಗೋಡೆಯಲ್ಲಿರುವುದು ಆ ಕ್ರಾಪಿನ ಪ್ರಿಂಟೇ. ಈಗ ಕಾಪಿ ಇಲ್ಲ, ಹಾಗಾಗಿ ಹೊಸ ಪರದೆಯಲ್ಲಿ ಮೂಲ ಚಿತ್ರ ಪೂರ್ತಿಯಾಗಿ ತೆರೆದುಕೊಂಡಿತು. ಎಡ ಅಂಚಿನಲ್ಲಿ ಒಬ್ಬ ಹುಡುಗ. ಹದಿನಾಲ್ಕು ಹದಿನೈದು ಇರಬಹುದು. ವೇಷಧಾರಿಗೆ ಕಾಣುವಂತೆ ಎರಡೂ ಕೈಯಲ್ಲಿ ಕನ್ನಡಿ ಎತ್ತಿ ಹಿಡಿದಿದ್ದಾನೆ. ಕನ್ನಡಿ ಭಾರವಿರಬೇಕು, ಒಂದು ಮೊಣಕಾಲನ್ನು ಟ್ರಂಕಿನ ಮೇಲೆ ಊರಿ ಅದರ ಮೇಲೆ ಮೊಣಕೈ ಇಟ್ಟಿದ್ದಾನೆ. ಶರಟಿನ ಕಿಸೆಯಲ್ಲಿ ಪೆನ್ನು. ಅವನಿಗೆ ಟ್ಯಾಗ್ ಇರಲಿಲ್ಲ. ನಾನೇ ತೆಗೆದ ಚಿತ್ರ, ನಾನು ಅವನನ್ನು ನೋಡಿಯೇ ಇರಲಿಲ್ಲ.

ಮುಂದಿನ ಭಾನುವಾರ ಲ್ಯಾಪ್‌ಟಾಪ್‌ಗೆ ಆ ಫೋಲ್ಡರ್ ಹಾಕಿಕೊಂಡು ಕಲೀನಾಕ್ಕೆ ಹೋದೆ. ಚಿಕ್ಕಮ್ಮ ಅದೇ ಕೋಣೆಯಲ್ಲಿದ್ದಾರೆ. ಪೆಟ್ಟಿಗೆ ಈಗ ಅಟ್ಟದ ಮೇಲಿದೆ. ಚಿತ್ರ ತೆರೆದೆ. ಅವರು ಮೊದಲು ಚಿಕ್ಕಪ್ಪನನ್ನು ನೋಡಿದರು, ಬಹಳ ಹೊತ್ತು. ಆಮೇಲೆ ಬೆರಳು ತಾನಾಗಿ ಎಡಕ್ಕೆ ಸರಿಯಿತು.

“ಇವ ನಮ್ಮ ಹೋಟೆಲಿನ ಹುಡುಗ ಅಲ್ವಾ. ಹಗಲು ಲೋಟ ತೊಳೆದು ರಾತ್ರಿ ಶಾಲೆಗೆ ಹೋಗ್ತಿದ್ದ. ಆಟದ ದಿನ ಶಾಲೆ ತಪ್ಪಿಸಿ ಇಲ್ಲಿಗೆ ಬರ್ತಿದ್ದ, ಇವರು ಬೈತಿದ್ರು.” ಹೆಸರು ಹೇಳಿದರು. ಊರು ಹೇಳಿದರು, ಕುಂದಾಪುರದಿಂದ ಒಳಗೆ.

ಟ್ಯಾಗಿನ ಜಾಗದಲ್ಲಿ ಹೆಸರು ಹೊಡೆದೆ. ಚಿಕ್ಕಮ್ಮ ಕನ್ನಡಕ ಏರಿಸಿ ಪರದೆಯ ಹತ್ತಿರ ಬಂದು ಓದಿದರು.

“ಅದಕ್ಕೆ ದೀರ್ಘ ಉಂಟು ಮಾರಾಯ” ಎಂದರು.

ಅಳಿಸಿ, ದೀರ್ಘ ಹಾಕಿ, ಎಂಟರ್ ಒತ್ತಿದೆ.